ಹರಕೆಯಿಲ್ಲದ ಬಾಬ್ ಕಟ್

ಜಂಬುನಾಥ: ಬ್ಯಾಡಂದ್ರ ಬ್ಯಾಡ. ಅದನ್ನ ನೋಡಿದ್ರ ನಮ್ಮ ಸಾಲಿ ಡ್ರಿಲ್ ಮಾಸ್ತರ ನೆನಪಾಗ್ತಾನ.

ನೀಲಾವತಿ: ನಿಮಗ ಯಾವುದನ್ನ ನೋಡಿದ್ರೂ ಯಾರಾರ ನೆನಪಾಗ್ತಾರ. ಮೊದ್ಲಿಂದು ನೋಡಿ ಕಂಡಕ್ಟರ್ ಅಂದ್ರಿ. ಅದರ ಬಾಜೂದ್ದು ನೋಡಿ ಸರ್ಕಸ್ಸಿನಾಕಿ ಅಂದ್ರಿ. ಹೋಗ್ಲಿ, ಹೆಣಮಕ್ಕಳಿಗೆ ಒಪ್ಪೂದು ಯಾವುದು, ನೀವೇ ಹೇಳ್ರಿ.

ಜಂಬುನಾಥ: ಜಡಿ.

ಸತ್ಯನಾರಾಯಣಪೇಟೆಯ ಆ ಮನೆಯಲ್ಲಿ ಶನಿವಾರ ಊಟ ಮುಗಿದ ಮೇಲೆ ಶುರುವಾದ ಚರ್ಚೆಯಿದು. ಗಂಡ ಹೆಂಡತಿಯ ನಡುವೆ ಸೋಫಾದ ಮೇಲೆ ನೀಲಾವತಿಯ ಮೊಬೈಲು ಬಿದ್ದಿತ್ತು. ಅದರ ತುಂಬ ಗಿಡ್ಡ ಕೂದಲಿನ ಹೆಂಗಸರು ಹಲ್ಲು ಕಿಸಿಯುತ್ತಿದ್ದರು. ನೀಲಾವತಿ ಕುರುಗೋಡಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು, ಐವತ್ತರ ಹೊಸ್ತಿಲಲ್ಲಿದ್ದಾಳೆ. ಜಂಬುನಾಥ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಗುಮಾಸ್ತ. ಕೂದಲು ಕತ್ತರಿಸುವುದೆಂದು ಅವಳು ತೀರ್ಮಾನಿಸಿ ಎಷ್ಟೋ ದಿನವಾಗಿತ್ತು, ಐದು ಗಂಟೆಗೆ ಪಾರ್ಲರಿಗೆ ಬರುತ್ತೇನೆಂದು ಹೇಳಿಯೂ ಆಗಿತ್ತು. ಗಂಡನನ್ನು ಕೇಳುತ್ತಿದ್ದುದು ಕೇಳಿದಂತಾಗಲಿ ಎಂದಷ್ಟೇ. ಕೇಳಿದ ತಪ್ಪಿಗೆ ಆತ ಉತ್ತರ ಕೊಡಲು ಕೂತುಬಿಟ್ಟಿದ್ದ.

ನೀಲಾವತಿ: ನನ್ನ ಮಾರಿ ದುಂಡಗೈತಿ. ದುಂಡನ ಮಾರಿಗೆ ಗದ್ದದಕಿಂತ ಸ್ವಲ್ಪ ಕೆಳಗ ಇಳೀಬೇಕಂತ. ಮುಂದ ಉದ್ದ, ಹಿಂದ ಗಿಡ್ಡ. ಬೈತಲಿ ನಟ್ಟನಡುವ ಬ್ಯಾಡ, ಬಾಜೂಕ ತೆಗಿಬೇಕು. ಆವಾಗ ಮಾರಿ ತೆಳ್ಳಗ ಕಾಣ್ತೈತಿ.

ಜಂಬುನಾಥ: ಯಾರು ಹೇಳಿದ್ರು ಇದನ್ನೆಲ್ಲಾ?

ನೀಲಾವತಿ: ಪಾರ್ಲರಿನ ಶ್ರೀಕೃತಿ.

ಜಂಬುನಾಥ: ಆಕಿ ಕತ್ರಿ ಹಿಡಕೊಂಡು ಕುಂತಾಕಿ. ಮತ್ತೇನು, ಬೆಳೆಸ್ರಿ ಅಂತ ಹೇಳ್ತಾಳೇನು? ಲೇ ನೀಲಾ, ಹೆಣ್ಣು ನೋಡಾಕ ಬಂದಾಗ ನಿನ್ನ ಜಡಿ ನೋಡೇ ಒಪ್ಪಿದಾಂವ ನಾನು.

ನೀಲಾವತಿ: ನಾನೂ ನಿಮ್ಮ ಕ್ರಾಪು ನೋಡೇ ಒಪ್ಪಿದ್ದೆ. ಎಲ್ಲೈತಿ ಈಗ? ನಾ ಏನಾರ ಕೇಳೀನೇನು?

ಜಂಬುನಾಥನ ಕೈ ತಾನಾಗಿ ನೆತ್ತಿಗೆ ಹೋಯಿತು. ಅಲ್ಲಿ ಎಡಗಿವಿಯ ಮೇಲಿನ ಕೂದಲನ್ನು ಎಳೆದು ತಂದು ಬಲಗಿವಿಗೆ ಮುಟ್ಟಿಸುವ ಕಾಮಗಾರಿ ಶುರುವಾಗಿ ಬಹಳ ವರ್ಷಗಳಾಗಿದ್ದವು. ಗಾಳಿ ಬೀಸಿದ ದಿನ ಆತ ಸ್ಕೂಟರ್ ಹೊರಗೆ ತೆಗೆಯುತ್ತಿರಲಿಲ್ಲ.

ಜಂಬುನಾಥ: ನಂದು ತಾನಾಗೇ ಹೋತು. ನಾ ಹೋಗಿ ಯಾರ ಮುಂದೂ ಕತ್ತರ್ಸು ಅಂತ ತೆಲಿ ಬಗ್ಗಿಸಿಲ್ಲ.

ನೀಲಾವತಿ: ಉಳಿದಿದ್ದನ್ನ ಕೂಡ್ಸಾಕ ದಿನಾ ಕನ್ನಡಿ ಮುಂದ ನಿಲ್ಲೂದೈತಲ್ಲ, ಅಷ್ಟೊತ್ತಿನಾಗ ನಾ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಹಸಿ ಕೂದ್ಲು ಗಂಟು ಹಾಕ್ಕೊಂಡು ಬಸ್ಸಿನಾಗ ಕುಂತಿರ್ತೀನಿ. ಆ ಗಂಟು ಒಣಗೂದು ಸಂಜಿಗೆ. ವರ್ಷಪೂರ್ತಿ ನೆಗಡಿ.

ಜಂಬುನಾಥ: ಜನ ಏನಂದಾರು?

ನೀಲಾವತಿ: ಯಾವ ಜನ?

ಜಂಬುನಾಥ: ಎದುರುಮನಿ ಸೀತಾಬಾಯಾರು.

ನೀಲಾವತಿ: ಒಬ್ಬರಿಗೆ ಜನ ಅಂತಾರೇನ್ರಿ?

ಜಂಬುನಾಥ: ಅವರೊಬ್ಬರಿಗೆ ಗೊತ್ತಾದ್ರ ಸಾಕು, ಸಂಜಿಯೊಳಗ ಜನ ಆಗ್ತಾರ.

ನೀಲಾವತಿ ಎದ್ದು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. ಬಾಗಿಲ ತನಕ ಹೋದವಳು ತಿರುಗಿ ನಿಂತಳು. ಇಷ್ಟು ಹೊತ್ತು ನಗುನಗುತ್ತಲೇ ಜಗಳಾಡುತ್ತಿದ್ದವಳ ದನಿ ಬೇರೆಯಾಗಿತ್ತು.

ನೀಲಾವತಿ: ನೋಡ್ರಿ, ನಿಮ್ಮ ಸಲುವಾಗಿ ಸೋಮವಾರ ಉಪವಾಸ. ಮಗನ ಪರೀಕ್ಷಿ ಸಲುವಾಗಿ ಹಿಡಿದ ಗುರುವಾರ, ಅವಂಗ ನೌಕರಿ ಸಿಕ್ಕರೂ ಬಿಟ್ಟಿಲ್ಲ. ನಿಮ್ಮವ್ವನ ಮಣಕಾಲಿನ ಸಲುವಾಗಿ ಮಂಗಳವಾರ. ನಾ ಮಾಡಿದ್ದೆಲ್ಲಾ ಯಾರದಾರ ಸಲುವಾಗಿ. ಇದೊಂದು ನನ್ನ ಸಲುವಾಗಿ. ನನಗ ಬೇಕನಿಸೈತಿ, ಅದಕ್ಕ. ಬ್ಯಾರೆ ಕಾರಣ ಹುಡುಕಬ್ಯಾಡ್ರಿ.

ಜಂಬುನಾಥ: ಮತ್ತ ಸಂಜಿ ಚಾ?

ನೀಲಾವತಿ: ಹಾಲು ಫ್ರಿಜ್ಜಿನಾಗೈತಿ, ಕೈ ನಿಮಗೂ ಅದಾವು.

ದೀಪ ಹಚ್ಚುವ ಹೊತ್ತಿಗೆ ಅವಳು ತಿರುಗಿ ಬಂದಳು. ದಾರಿಯುದ್ದಕ್ಕೂ ಕತ್ತಿಗೆ ಗಾಳಿ ತಾಕಿತ್ತು. ಬಳ್ಳಾರಿಯಲ್ಲಿ ಇಷ್ಟು ಗಾಳಿ ಬೀಸುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅಂಗಡಿಗಳ ಗಾಜು ಕಂಡಲ್ಲೆಲ್ಲ ಏನೋ ಕೊಳ್ಳುವವಳ ಹಾಗೆ ನಿಂತು ನೋಡಿಕೊಂಡಿದ್ದಳು. ಚೆನ್ನಾಗಿಯೇ ಇತ್ತು. ಅವಳಿಗೆ ಖುಷಿಯಾಗಿತ್ತು, ಮುಚ್ಚಿಡುವಂಥದ್ದೇನೂ ಅದರಲ್ಲಿರಲಿಲ್ಲ.

ಜಂಬುನಾಥ: ಬಂದ್ಯಾ?

ನೀಲಾವತಿ: ಹೂಂ. ಹೆಂಗೈತಿ?

ಜಂಬುನಾಥ: ಏನು?

ನೀಲಾವತಿ: ಹವಾಮಾನ.

ಆತ ನೋಡಿದ. ಎಡದಿಂದ ನೋಡಿದ, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದ. ಹೊಗಳುವ ಮಾತೊಂದು ಅವನ ನಾಲಗೆಯ ತುದಿಗೆ ಬಂದದ್ದು ನೀಲಾವತಿಗೆ ಸ್ಪಷ್ಟವಾಗಿ ಕಂಡಿತು. ಆತ ಅದನ್ನು ಚಹಾದ ಜೊತೆ ನುಂಗಿಬಿಟ್ಟ.

ಜಂಬುನಾಥ: ಗಿಡ್ಡೈತಿ.

ಅಷ್ಟರಲ್ಲಿ ಗೇಟು ಕಿರ್‍ರೆಂದಿತು. ಎದುರುಮನೆಯ ಸೀತಾಬಾಯಿ ಕರಿಬೇವು ಕೇಳಲು ಬಂದಿದ್ದರು. ವೈಷ್ಣವರ ಮನೆಯ ಹಿರಿಯ ಹೆಂಗಸು, ಓಣಿಯ ಯಾವ ಮದುವೆ ಮುಂಜಿಯೂ ಅವರಿಗೆ ತಿಳಿಯದೆ ನಿಶ್ಚಯವಾಗುತ್ತಿರಲಿಲ್ಲ. ನೀಲಾವತಿಯನ್ನು ಕಂಡದ್ದೇ ಅವರು ಬಟ್ಟಲು ಕೆಳಗಿಟ್ಟು ಕೈ ಮುಗಿದರು.

ಸೀತಾಬಾಯಿ: ಗೋವಿಂದಾ ಗೋವಿಂದ! ಮುಡಿ ಕೊಟ್ಟು ಬಂದೀಯೇನವಾ? ತಿರುಪತಿಗೆ ಹೊಂಟಾಗ ಒಂದು ಮಾತು ಹೇಳಬಾರದೇನು?

ನೀಲಾವತಿ: ತಿರುಪತಿ ಅಲ್ರಿ ಬಾಯಾರ, ಇದು...

ಜಂಬುನಾಥ: ಹೌದ್ರಿ! ಹರಕಿ ಇತ್ರಿ.

ಮುಳುಗುವವನಿಗೆ ಕೈ ಸಿಕ್ಕಿತ್ತು, ಹಿಡಿದುಕೊಂಡ. ನೀಲಾವತಿ ಗಂಡನ ಕಡೆ ಕಣ್ಣು ಬಿಟ್ಟಳು. ಆತ ಗೋಡೆಯ ಕ್ಯಾಲೆಂಡರನ್ನು ಭಕ್ತಿಯಿಂದ ನೋಡುತ್ತಿದ್ದ.

ಸೀತಾಬಾಯಿ: ಆದ್ರ ಮಧ್ಯಾಹ್ನ ನಿಮ್ಮನಿ ಒಗ್ಗರಣಿ ವಾಸನಿ ಬಂತಲ್ಲ? ಯಾವಾಗ ಹೋದ್ರಿ, ಯಾವಾಗ ಬಂದ್ರಿ?

ಜಂಬುನಾಥ: ಇನ್ನೂ ಹೋಗಿಲ್ರಿ. ಇಲ್ಲೇ ಕತ್ತರ್ಸಿ ಮುಡುಪು ಕಟ್ಟಿಟ್ಟೀವಿ. ಮುಂದ ಹೋದಾಗ ಒಪ್ಸೂದು.

ಸೀತಾಬಾಯಿ: ಯಾರ ಸಲುವಾಗಿ ಹರಕಿ?

ಜಂಬುನಾಥ: ನನ್ನ ಸಲುವಾಗ್ರಿ.

ನೀಲಾವತಿಗೆ ರೇಗಿಹೋಯಿತು. ಕತ್ತರಿಸಿದ ಕೂದಲು ಶ್ರೀಕೃತಿಯ ಕಸದ ಬುಟ್ಟಿಯಲ್ಲಿ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ಅದೂ ಗಂಡನ ಖಾತೆಗೆ ಜಮಾ ಆಗಿತ್ತು. ನಿಜ ಹೇಳಿಯೇಬಿಡಬೇಕೆಂದು ಬಾಯಿ ತೆರೆದಳು. ಆದರೆ ಸೀತಾಬಾಯಿಯ ಮುಂದಿನ ಪ್ರಶ್ನೆ ಕೇಳಿ ಮೆಲ್ಲಗೆ ಬಾಯಿ ಮುಚ್ಚಿ, ಗೋಡೆಗೆ ಆತುಕೊಂಡು ನಿಂತಳು.

ಸೀತಾಬಾಯಿ: ಏನಾಗಿತ್ತು ನಿಮಗ?

ಜಂಬುನಾಥ: ಏನಿಲ್ರಿ, ಸ್ವಲ್ಪ ಸುಸ್ತು.

ಸೀತಾಬಾಯಿ: ಸುಸ್ತಿಗೆ ಮೂರು ಕತ್ರಿ ಸಾಕು. ತುದಿ ಮೂರು ಸಲ ಕತ್ತರಿಸಿ ಸ್ವಾಮಿಗೆ ಒಪ್ಪಿಸಿದ್ರ ಆತು. ಜ್ವರ ಭಾಳ ದಿನ ಬಿಡಲಿಲ್ಲಂದ್ರ ಗೇಣುದ್ದ ಕೊಟ್ಟವರನ್ನ ನೋಡೀನಿ. ಇಕಿದು ಸೊಂಟದ ತನಕ ಇದ್ದದ್ದು ಗದ್ದಕ್ಕ ಬಂದದ. ಸುಸ್ತಿಗೆ ಯಾರೂ ಇಷ್ಟು ಕೊಡೂದಿಲ್ಲ. ಖರೇ ಹೇಳ್ರಿ, ಡಾಕ್ಟರ್ ಏನಂದ್ರು?

ಜಂಬುನಾಥ: ಡಾಕ್ಟರ್ ಕಡಿ ನಾ ಹೋಗೇ ಇಲ್ರಿ!

ಸೀತಾಬಾಯಿ: (ನೀಲಾವತಿಯ ಕಿವಿಯಲ್ಲಿ) ಅವರಿಗೆ ಇನ್ನೂ ಹೇಳಿಲ್ಲೇನು?

ನೀಲಾವತಿ: ನನ್ನ ಬಾಯಿಂದ ನಾ ಏನಂತ ಹೇಳ್ಲಿ ಬಾಯಾರ?

ಸೀತಾಬಾಯಿ ಕಣ್ಣೊರೆಸಿಕೊಂಡು ಎದ್ದರು. ಹೋಗುವಾಗ ಕರಿಬೇವು ಮರೆತೇಹೋಯಿತು. ಅವರು ಏನಾದರೂ ಮರೆತು ಹೋದದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಜಂಬುನಾಥ ವಾಡಿಕೆಯಂತೆ ಗಾಳೆಪ್ಪನ ಹೋಟೆಲಿಗೆ ಒಗ್ಗರಣೆ ಮಿರ್ಚಿ ತಿನ್ನಲು ಹೋದ. ಖಾರ ಮಂಡಕ್ಕಿ, ಅದರ ಮೇಲೆ ಬಿಸಿ ಮೆಣಸಿನಕಾಯಿ ಬಜ್ಜಿ. ಬಳ್ಳಾರಿಯ ಭಾನುವಾರವೆಂದರೆ ಅವನಿಗೆ ಅದೇ. ಹೋದಷ್ಟೇ ಬೇಗ ತಿರುಗಿ ಬಂದ.

ಜಂಬುನಾಥ: ಗಾಳೆಪ್ಪ ಮಿರ್ಚಿ ಕೊಡ್ಲಿಲ್ಲ!

ನೀಲಾವತಿ: ಖಾಲಿಯಾಗಿದ್ವೇನು?

ಜಂಬುನಾಥ: ಬಾಂಡ್ಲಿ ತುಂಬ ತೇಲಾಡ್ತಿದ್ವು! ನನಗ ಮಾತ್ರ ಸಪ್ಪನ್ನ ಇಡ್ಲಿ ಕೊಟ್ಟ, ಬಿಸಿನೀರು ಕೊಟ್ಟ. 'ಅಣ್ಣಾ, ಎಣ್ಣೀದು ಬ್ಯಾಡ, ನೀನು ಉಳೀಬೇಕು' ಅಂದ. ಪಕ್ಕದಾಗ ಕುಂತಾಂವ ಎದ್ದು ನನಗ ಫ್ಯಾನಿನ ಕೆಳಗ ಜಾಗ ಬಿಟ್ಟ. ಫ್ಯಾನಿನ ಕೆಳಗ, ನೀಲಾ! ಇದ್ದದ್ದೆಲ್ಲಾ ಹಾರಿ ಎಡಕ್ಕ ಹೋತು!

ನೀಲಾವತಿ: ಅಯ್ಯ.

ಜಂಬುನಾಥ: ಆಫೀಸಿನ ಚನ್ನಬಸವ ಫೋನ್ ಮಾಡಿದ್ದ. ಹಂಪಿ ಟೂರಿನಾಗ ನನ್ನ ಹೆಸರು ತೆಗೆದಾರಂತ. ಗುಡ್ಡ ಹತ್ತಾಕ ನನಗ ಆಗಾಂಗಿಲ್ಲಂತ. ಸಿರುಗುಪ್ಪದ ತಂಗಿ ಫೋನಿನಾಗ 'ಅಣ್ಣಾ' ಅಂದಾಕಿ, ಮುಂದ ಬರೇ ಅಳೂದು. ಎಳನೀರು ತಗೊಂಡು ಬಸ್ ಹತ್ಯಾಳ. ನೀ ಈಗಿಂದೀಗ ಹೋಗಿ ಸೀತಾಬಾಯಾರಿಗೆ ಖರೇ ಹೇಳು.

ನೀಲಾವತಿ: ಹರಕಿ ಹೊತ್ತಾರು ನೀವು. ನೀವೇ ಹೇಳ್ರಿ.

ಜಂಬುನಾಥ: ಏನಂತ ಹೇಳ್ಲಿ? ಸೆಖಿ ಆಗ್ತಿತ್ತು ಅಂತ?

ನೀಲಾವತಿ: ಸೆಖಿ ಇಡೀ ಬಳ್ಳಾರಿಗೈತಿ.

ಜಂಬುನಾಥ: ತೆಲಿನೋವು ಅಂತ?

ನೀಲಾವತಿ: ಆವಾಗ ರೋಗ ನನಗ ಹಚ್ತಾರ. ಇದ್ದದ್ದು ಹೇಳ್ರಿ. ನನ್ನ ಹೆಂಡ್ತಿ ತನಗ ಬೇಕನಿಸಿ ಕತ್ತರ್ಸ್ಯಾಳ. ಎಷ್ಟು ಸಣ್ಣ ಮಾತು!

ಜಂಬುನಾಥ ಬಾಯಿಪಾಠ ಮಾಡಿ ನೋಡಿದ. 'ನನ್ನ ಹೆಂಡ್ತಿ' ತನಕ ಸಲೀಸಾಗಿ ಬಂತು. 'ತನಗ ಬೇಕನಿಸಿ' ಎಂಬಲ್ಲಿ ನಾಲಗೆ ಎಡವಿತು. ಇನ್ನೊಮ್ಮೆ ಶುರುಮಾಡುವಷ್ಟರಲ್ಲಿ ಸೀತಾಬಾಯಿಯೇ ರಾಯರ ಮಠದ ಮಂತ್ರಾಕ್ಷತೆ ಹಿಡಿದು ಒಳಗೆ ಬಂದರು. ಆತ ಕೂದಲು ಸರಿಪಡಿಸಿಕೊಳ್ಳುವುದನ್ನೂ ಮರೆತು ಎದ್ದು ನಿಂತ.

ಜಂಬುನಾಥ: ಬಾಯಾರ, ನನಗ ರೋಗ ಇಲ್ಲ, ಹರಕಿ ಇಲ್ಲ, ಮುಡುಪೂ ಇಲ್ಲ. ನಾ ಹೇಳಿದ್ದು ಸುಳ್ಳು. ಆಕಿಗೆ ಬೇಕನಿಸ್ತು, ಕತ್ತರ್ಸಿಕೊಂಡ್ಳು.

ಸೀತಾಬಾಯಿ: (ನೀಲಾವತಿಗೆ) ನೋಡವಾ, ನೀ ಅಂಜಬಾರದಂತ ಹೆಂಗ ಮಾತಾಡ್ತಾರ.

ಜಂಬುನಾಥ: ಖರೇ ರೀ! ನಿನ್ನೆ ನಾ ಹೇಳ್ಲಿಲ್ಲ, ಹೇಳಬೇಕಾಗಿತ್ತು. ಚೆಂದ ಕಾಣ್ತಾಳ ನೋಡ್ರಿ! ಭಾಳ ಚೆಂದ ಕಾಣ್ತಾಳ!

ಒಳಗೆ ಕುಕ್ಕರು ಕೂಗಿತು, ನಿಂತಿತು. ಇಷ್ಟು ವರ್ಷಗಳ ಸಂಸಾರದಲ್ಲಿ ಮೂರನೆಯವರ ಮುಂದೆ ಗಂಡ ಹೀಗೆಂದದ್ದು ನೀಲಾವತಿಗೆ ನೆನಪಿಲ್ಲ. ಕೆನ್ನೆ ಬಿಸಿಯಾಗಿದ್ದನ್ನು ಮರೆಮಾಡಲು ಜಡೆಯ ತುದಿ ಹಿಡಿದು ತಲೆ ತಗ್ಗಿಸೋಣವೆಂದರೆ ಜಡೆಯೇ ಇರಲಿಲ್ಲ.

ಸೀತಾಬಾಯಿ: ಅಯ್ಯೋ ರಾಯರೇ! ಗಂಡಸರು ಹೆಂಡ್ತಿಗೆ ಚೆಂದ ಅಂತಾರಂದ್ರ... ಇನ್ನು ಭಾಳ ದಿನ ಇಲ್ಲೇನವಾ?

ನೀಲಾವತಿ ನಕ್ಕುಬಿಟ್ಟಳು. ನಗುತ್ತಲೇ ಸೀತಾಬಾಯಿಯ ಕೈ ಹಿಡಿದು ಕೂರಿಸಿಕೊಂಡಳು.

ನೀಲಾವತಿ: ಅವರು ಗಟ್ಟಿ ಅದಾರ್ರಿ ಬಾಯಾರ. ಅವರು ಸುಳ್ಳು ಹೇಳಿದ್ರು, ನಾ ಸಿಟ್ಟಿಗೆ ಸುಮ್ಮಿದ್ದೆ. ದೇವರಿಗಲ್ಲ, ಗಂಡಗಲ್ಲ, ಯಾರ ಸಲುವಾಗೂ ಅಲ್ಲ. ಬಸ್ ಸ್ಟಾಂಡಿನ ಹಾದಿಯೊಳಗ ಶ್ರೀಕೃತಿ ಪಾರ್ಲರ್ ಐತಲ್ಲ, ಅಲ್ಲಿ ಕುಂತು, ನನಗ ಒಪ್ಪೂದು ಯಾವುದಂತ ನಾನೇ ಆರಿಸಿ ಕತ್ತರ್ಸಿಕೊಂಡೆ.

ಸೀತಾಬಾಯಿ ಮಂತ್ರಾಕ್ಷತೆಯನ್ನು ಮೆಲ್ಲಗೆ ಸೆರಗಿಗೆ ಕಟ್ಟಿಕೊಂಡರು. ಬೈಗುಳ ಬರುತ್ತದೆಂದು ಜಂಬುನಾಥ ಬಾಗಿಲ ಕಡೆ ಸರಿದ. ಆದರೆ ಅವರು ನೀಲಾವತಿಯ ಗದ್ದ ಹಿಡಿದು ಮುಖವನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಹಿಂದಿನಿಂದ ಕತ್ತಿನ ಮೇಲೆ ಬೆರಳಾಡಿಸಿ ನೋಡಿದರು.

ಸೀತಾಬಾಯಿ: ಹಗುರ ಅನಸ್ತದೇನು?

ನೀಲಾವತಿ: ಭಾಳ ಹಗುರ ಬಾಯಾರ.

ಸೀತಾಬಾಯಿ ಜಂಬುನಾಥನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ಅವರ ತೆಳುವಾದ ಬೆಳ್ಳಿ ತುರುಬು ಪಿನ್ನುಗಳ ಆಸರೆಯಲ್ಲಿ ನಿಂತಿತ್ತು.

ಸೀತಾಬಾಯಿ: ನಿನ್ನಷ್ಟು ಬ್ಯಾಡ. ಭುಜದ ತನಕ ಅಂದ್ರ, ನಮ್ಮ ಯಜಮಾನರಿಗೆ ಯಾವ ರೋಗ ಅದ ಅಂದ್ರ ಸಾಕಾಗ್ತದ?

ನೀಲಾವತಿ: ರೋಗ ಯಾಕ್ರಿ? ನಿಮಗ ಬೇಕನಿಸಿದ್ರ ಸಾಕು.

ಸೀತಾಬಾಯಿ: ಅಷ್ಟು ಸಾಕಾಗೂದು ನಿಮ್ಮನ್ಯಾಗವಾ. ನಮ್ಮನ್ಯಾಗ ಕಡೀಕ ಒಂದು ಬಿ.ಪಿ. ಆದರೂ ಬೇಕು.