ಫಿಜಿಯೋಥೆರಪಿ ಸೆಂಟರನ್ನು ನಾನು ಆರಿಸಿದ ಬಗೆ

ಮೊಸರಿನಲ್ಲಿ ಕಲ್ಲು ಹುಡುಕುವವರು ಎಲ್ಲ ಮನೆಗಳಲ್ಲೂ ಒಬ್ಬರಾದರೂ ಇರುತ್ತಾರೆ. ಆದರೆ ಆ ಕೆಲಸಕ್ಕೇ ತಿಂಗಳ ಸಂಬಳ ತೆಗೆದುಕೊಳ್ಳುವವನು ನಾನು. ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ನನ್ನ ನೌಕರಿ. ನಮಗೆ ಬಾಟಲಿ, ಮುಚ್ಚಳ, ರಟ್ಟಿನ ಡಬ್ಬಿ ಕೊಡುವವರ ಜಾಗಕ್ಕೆ ಹೋಗಿ, ಗೋಡೌನಿನ ಮೂಲೆಯಲ್ಲಿ ಬಗ್ಗಿ ಇಲಿ ಓಡಾಡಿದ ಗುರುತಿದೆಯೇ ಎಂದು ನೋಡಿ, ರಿಜಿಸ್ಟರಿನಲ್ಲಿ ಸಹಿ ತಪ್ಪಿದ ಕಡೆ ಬೆರಳಿಟ್ಟು ‘ಇದೇನಿದು?’ ಎಂದು ಕೇಳಬೇಕು. ವರ್ಷಗಟ್ಟಲೆ ಹೀಗೆ ಕೇಳಿ ಕೇಳಿ ಆ ಚಟ ಮೈಗೇ ಹತ್ತಿಬಿಟ್ಟಿದೆ. ಮಣಿಕೊಂಡದ ನಮ್ಮ ಬೀದಿಯ ತರಕಾರಿಯವನು ನನ್ನನ್ನು ಕಂಡರೆ ಬದನೆಕಾಯಿ ಬುಟ್ಟಿಯನ್ನು ಆ ಕಡೆ ಸರಿಸುತ್ತಾನೆ. ಹೆಣ್ಣು ನೋಡಲು ಬೀದರಿಗೆ ಹೋದಾಗ ಮಾತ್ರ ಈ ಕಣ್ಣು ಕೆಲಸ ಮಾಡಲಿಲ್ಲ. ಸುಮಂಗಲಾ ಅವಲಕ್ಕಿ ತಟ್ಟೆ ತಂದಿಟ್ಟಳು, ನಾನು ತಲೆ ಎತ್ತದೆ ತಿಂದು ‘ಆಗಬಹುದು’ ಎಂದೆ. ತಪಾಸಣೆ ಮಾಡದೆ ನಾನು ಒಪ್ಪಿದ್ದು ಜೀವನದಲ್ಲಿ ಅದೊಂದೇ, ಅದಕ್ಕಾಗಿ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಆ ಸುಮಂಗಲಾಳಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಬಲಗಾಲು ಆಸ್ಪತ್ರೆಯಲ್ಲಿರುವಾಗಲೇ ಚೇತರಿಸಿಕೊಂಡಿತು. ಮಾತು ನಿಧಾನವಾಯಿತು, ಒಂದೊಂದು ಶಬ್ದಕ್ಕೂ ಅವಳು ಒಳಗೆ ಹೋಗಿ ಹುಡುಕಿ ತರಬೇಕಿತ್ತು. ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಡಾಕ್ಟರು ಮನೆಗೆ ಕಳಿಸುವಾಗ, ‘ಮೊದಲ ತಿಂಗಳುಗಳು ಭಾಳ ಮುಖ್ಯ, ತಡ ಮಾಡಬೇಡಿ, ಹತ್ತಿರದಲ್ಲೇ ಒಂದು ಒಳ್ಳೆಯ ಫಿಜಿಯೋಥೆರಪಿ ಸೆಂಟರ್ ಆರಿಸಿಕೊಳ್ಳಿ’ ಎಂದರು. ಆರಿಸಿಕೊಳ್ಳಿ ಎಂಬ ಮಾತನ್ನು ನನ್ನಂಥವನ ಮುಂದೆ ಆಡಬಾರದಿತ್ತು.

ನಾನು ರಜೆ ಹಾಕಿ, ಕಾರ್ಖಾನೆಯ ತಪಾಸಣಾ ಪಟ್ಟಿಯನ್ನೇ ಅಲ್ಪಸ್ವಲ್ಪ ತಿದ್ದಿಕೊಂಡು ಹೊರಟೆ. ಕೊಂಡಾಪುರದಲ್ಲಿ ಒಂದು ಸೆಂಟರ್ ಇತ್ತು. ಗಾಜಿನ ಬಾಗಿಲು, ಸಾಲಾಗಿ ಮೆಷಿನುಗಳು. ಮೆಷಿನುಗಳನ್ನು ಕೊನೆಯ ಸಲ ಸರ್ವಿಸ್ ಮಾಡಿಸಿದ್ದು ಯಾವಾಗ ಎಂದು ಕೇಳಿದೆ. ಕೌಂಟರಿನ ಹುಡುಗಿ ಪೇಷಂಟ್ ಎಲ್ಲಿ ಎಂದು ಕೇಳಿದಳು. ಪೇಷಂಟ್ ಮನೆಯಲ್ಲಿದ್ದಾಳೆ, ಮೊದಲು ನಿಮ್ಮದು ಪಾಸಾಗಲಿ ಎಂದೆ. ಇನ್ನೊಬ್ಬ ಮನೆಗೇ ಬರುವವನು. ಪಾಪ, ಒಳ್ಳೆಯ ಹುಡುಗ. ಕೂರಿಸಿ, ಚಹಾ ಕೊಟ್ಟು, ಸರ್ಟಿಫಿಕೇಟಿನ ಅಸಲು ಪ್ರತಿ ಕೇಳಿದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ. ಮತ್ತೊಂದು ಕಡೆ ಲಿಫ್ಟ್ ಸಣ್ಣದು, ಮಗದೊಂದು ಕಡೆ ಟವೆಲು ಒಣಗಹಾಕಿದ್ದು ಸರಿಯಿರಲಿಲ್ಲ. ಹೀಗೆ ಮೂರು ವಾರ ಕಳೆದವು. ಒಂದು ಬೆಳಿಗ್ಗೆ ನಾನು ಪಟ್ಟಿ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಾಗ ಸುಮಂಗಲಾ ಕರೆದಳು. “ಮತ್ತ... ಬಾಟ್ಲಿ ಮುಚ್ಚಳ... ನೋಡಾಕ ಹೊಂಟೀರೇನು?” ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಮರುದಿನ ರಜೆ ಮುಗಿದು ಕಾರ್ಖಾನೆಗೆ ಹೋದವನು ಸಂಜೆ ಬಂದು ನೋಡುತ್ತೇನೆ, ಮನೆಗೆ ಬೀಗ. ಫೋನ್ ಮಾಡಿದರೆ ಎತ್ತಿದವಳು ನಮ್ಮ ಮನೆಗೆಲಸದ ಮಲ್ಲಮ್ಮ. “ಅಕ್ಕಾರನ್ನ ಆಟೋದಾಗ ಕರ್ಕೊಂಡು ಬಂದೀನ್ರಿ ಸಾಹೇಬ್ರ. ನಮ್ಮ ಮನ್ಯಾವ್ರು ನಡಿಯಾಕ ಕಲಿತ ಜಾಗಕ್ಕ” ಅಂದಳು. ಯಾದಗಿರಿ ಕಡೆಯವಳು ಅವಳು. ಕಟ್ಟಡದ ಕೆಲಸದಲ್ಲಿ ಗಂಡ ಮೇಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮೂರು ವಾರದಿಂದ ನನ್ನ ಆರಿಸುವಿಕೆಯನ್ನು ನೋಡಿ ನೋಡಿ ಅವಳಿಗೇ ಸಾಕಾಗಿತ್ತು.

ಹೋಗಿ ನೋಡಿದರೆ ಕಿರಾಣಿ ಅಂಗಡಿಯ ಹಿಂದೆ ಎರಡು ಕೋಣೆ. ಪ್ಲಾಸ್ಟಿಕ್ ಕುರ್ಚಿ, ಕಿರುಗುಟ್ಟುವ ಫ್ಯಾನು. ನನ್ನ ಪಟ್ಟಿಯ ಮೊದಲ ಪುಟದಲ್ಲೇ ಫೇಲ್. ಅಲ್ಲಿನ ಸ್ವಪ್ನ ಮೇಡಂ ಜಹೀರಾಬಾದಿನವರು, ತೆಲುಗು ಬೆರೆಸಿ ನಮ್ಮ ಬೀದರಿನ ಕನ್ನಡವನ್ನೇ ಆಡುತ್ತಿದ್ದರು. ಸುಮಂಗಲಾಳ ಬಲಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು, “ಅಮ್ಮಾ, ಈ ಕೈಲೆ ಮೊದಲ ಏನು ಮಾಡಬೇಕು ಅನ್ನಸ್ತದ್ರಿ?” ಎಂದು ಕೇಳಿದರು.

“ರೊಟ್ಟಿ ಬಡೀಬೇಕ್ರಿ. ಜೋಳದ ರೊಟ್ಟಿ ಭಾಳ ಛಂದ ಬಡೀತಿದ್ಲು” ಎಂದೆ ನಾನು.

“ನೋವು ಎಲ್ಲಿ ಅದರಿ ಅಮ್ಮಾ?”

“ಭುಜದಾಗ್ರಿ” ಎಂದೆ.

ಮೇಡಂ ನನ್ನ ಕಡೆ ತಿರುಗಿದರು. “ಸಾರ್, ಕೈ ಯಾರದ್ರಿ? ನೀವು ಹೊರಗ ಕೂಡ್ರಿ” ಎಂದು ಬಾಗಿಲು ಹಾಕಿಕೊಂಡರು. ಎಷ್ಟೋ ಸರಬರಾಜುದಾರರನ್ನು ಹೊರಗೆ ಹಾಕಿದವನು ನಾನು. ಆದರೆ ನನ್ನನ್ನೇ ಹೊರಗೆ ಕೂರಿಸಿದ್ದು ಇದೇ ಮೊದಲು.

ಆಟೋದಲ್ಲಿ ಬರುವಾಗ ಸುಮಂಗಲಾ “ಇಲ್ಲೇ” ಎಂದಳು. ಅಷ್ಟೇ. ಇಲ್ಲೇನಿದೆ, ಬೆಂಕಿ ಆರಿಸುವ ಸಿಲಿಂಡರ್ ಕೂಡ ಇಲ್ಲವಲ್ಲ ಎಂದೆ. ಅವಳು ಬಹಳ ಹೊತ್ತು ಶಬ್ದ ಹುಡುಕಿದಳು. “ಆಕಿ... ನನ್ನ... ಕೇಳಿದ್ಲು.” ಇಷ್ಟು ವಾರ ಯಾರ್ಯಾರನ್ನೋ ಏನೇನೋ ಕೇಳಿದ್ದೆ, ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಆಮೇಲೆ ಮೆಲ್ಲಗೆ, ಕೈಲಿ ಮೊದಲು ಏನು ಮಾಡಬೇಕು ಅಂತ ನೀನು ಮೇಡಮ್ಮಿಗೆ ಹೇಳಿದ್ದು ಎಂದು ವಿಚಾರಿಸಿದೆ. ರೊಟ್ಟಿಯಲ್ಲವಂತೆ. ಜಡೆಯಂತೆ. ತನ್ನ ಜಡೆ ತಾನೇ ಹಾಕಿಕೊಳ್ಳಬೇಕಂತೆ. ಆಸ್ಪತ್ರೆಯಿಂದ ಬಂದ ದಿನದಿಂದ ಅವಳ ಜಡೆ ಹಾಕುತ್ತಿದ್ದವನು ನಾನೇ, ಅದು ದಿನವೂ ಎಡಕ್ಕೆ ವಾಲಿಕೊಂಡೇ ಇರುತ್ತಿತ್ತು. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ, ಅವಳು ಸಹಿಸಿಕೊಂಡಿದ್ದಳು.

ಆಮೇಲಿನದು ನನ್ನ ಚಿಕಿತ್ಸೆಯ ಕಥೆ. ಮನೆಯಲ್ಲಿ ಗುಂಡಿ ಹಾಕುವವನು, ತುತ್ತು ಕಲಸಿ ಕೊಡುವವನು, ಲೋಟ ಎತ್ತಿ ಬಾಯಿಗಿಡುವವನು ಎಲ್ಲ ನಾನೇ ಎಂದು ಮಲ್ಲಮ್ಮ ಸಾಕ್ಷಿ ಹೇಳಿಬಿಟ್ಟಳು. ಮೇಡಂ ನನಗೆ ಕೊಟ್ಟ ವ್ಯಾಯಾಮ ಒಂದೇ: ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಸುಮ್ಮನೆ ಕೂರುವುದು. ಅವಳು ಒಂದು ಗುಂಡಿಗಾಗಿ ಹೆಣಗುವುದನ್ನು ನೋಡುತ್ತ ಸುಮ್ಮನಿರುವುದಿದೆಯಲ್ಲ, ಆ ಕಷ್ಟ ವೈರಿಗೂ ಬೇಡ. ಆದರೆ ಬೆರಳುಗಳು ನಿಧಾನಕ್ಕೆ ಬಂದವು. ಆ ಕಿರುಗುಟ್ಟುವ ಫ್ಯಾನಿನ ಕೋಣೆಗೂ ಸ್ವಪ್ನ ಮೇಡಮ್ಮಿಗೂ, ನನ್ನನ್ನು ಕೇಳದೆ ಆಟೋ ಹತ್ತಿಸಿದ ಮಲ್ಲಮ್ಮನಿಗೂ ನಾನು ದಿನವೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಹಾಗಂತ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಹೋದ ವಾರ ಸೆಂಟರಿನಲ್ಲಿ ಹೊರಗೆ ಕೂತವನು ತಡೆಯಲಾರದೆ ಎದ್ದು, ಬಾಗಿಲನ್ನು ಎರಡು ಬೆರಳಷ್ಟು ಸರಿಸಿ ಇಣುಕಿದೆ. ಸುಮಂಗಲಾ ನೋಡಿಬಿಟ್ಟಳು. ಕುರ್ಚಿಯಿಂದ ಎದ್ದಳು, ನಿಧಾನವಾಗಿ ಬಾಗಿಲ ತನಕ ಬಂದಳು, ನನ್ನ ಮುಖವನ್ನು ನೋಡುತ್ತಲೇ ಬಾಗಿಲು ದೂಡಿದಳು. ಒಳಗಿನಿಂದ ಮೇಡಂ, “ಎಡಗೈ ಬ್ಯಾಡ್ರಿ ಅಮ್ಮಾ, ಎಡಗೈ ಕೆಳಗ” ಅನ್ನುವುದು ಕೇಳಿಸಿತು. ಚಿಲಕ ಒಮ್ಮೆ ಜಾರಿತು. ಇನ್ನೊಮ್ಮೆ ಜಾರಿತು. ಮೂರನೆಯ ಸಲ ಟಕ್ಕೆಂದು ಬಿತ್ತು.

ಮೆಟ್ಟಿಲ ಮೇಲೆ ಕೂತಿದ್ದ ಮಲ್ಲಮ್ಮ ನನ್ನ ಕಣ್ಣು ಒದ್ದೆಯಾದದ್ದನ್ನು ಕಂಡು ಗಾಬರಿಯಾದಳು. “ಯಾಕ್ರಿ ಸಾಹೇಬ್ರ, ಮತ್ತ ಹೊರಗ ಹಾಕಿದ್ರೇನ್ರಿ?”

“ಹೂಂನವಾ, ಹೊರಗ ಹಾಕಿದ್ಲು” ಎಂದೆ. “ಬಲಗೈಲೆ.”