ಬಗ್ಗುವ ಕೋಲಿಗೆ ನಾನು ಹಾಕಿಸಿದ ಸಳಿ

ಐತವಾರ, ಬೆಳಗಿನ ಆರು ಗಂಟೆ. ತಾಂಡೂರಿನ ಹೊರಗೆ ಕಲ್ಲುಗಣಿಯ ಪಕ್ಕದ ಬಯಲು. ಹಾಜರಿದ್ದವರು ಮೂವರು: ಗಣಿಯ ಮ್ಯಾನೇಜರ್ ಸಾಹೇಬರು, ಕಲ್ಲೊಡೆಯುವ ಮಲ್ಲಪ್ಪ, ಮತ್ತು ನಾನು. ವೇಳೆ, ಸ್ಥಳ, ಹಾಜರಿ ಬರೆಯದೆ ನನಗೆ ಏನನ್ನೂ ಹೇಳಲು ಬರುವುದಿಲ್ಲ. ಮೂವತ್ತೆರಡು ವರ್ಷ ಡ್ರಿಲ್ ಮಾಸ್ತರನಾಗಿದ್ದವನು ನಾನು. ಭಾಷೆಯ ಲೆಕ್ಕದಲ್ಲಿ ರಾಜ್ಯಗಳನ್ನು ಹಂಚಿ ನಮ್ಮೂರು ಗಡಿಯಾಚೆ ಉಳಿದಾಗ ಶಾಲೆಯಲ್ಲಿ ಹಾಜರಿ ಕೂಗುವ ಭಾಷೆ ಬದಲಾಯಿತು; ನನ್ನ ಸೀಟಿ ಬದಲಾಗಲಿಲ್ಲ. ನೆಟ್ಟಗಿರದ ಯಾವುದನ್ನು ಕಂಡರೂ ನನಗೆ ಮೈಯುರಿಯುತ್ತದೆ: ಹುಡುಗರ ಬೆನ್ನು, ಗೋಡೆಯ ಕ್ಯಾಲೆಂಡರು, ಒಣಹಾಕಿದ ಧೋತರದ ಅಂಚು. ಇಂಥ ಸದ್ಗುಣಿಯ ಕೈಗೆ ಸಾಹೇಬರು ತಮ್ಮ ಗಾಲ್ಫ್ ಕೋಲನ್ನು ಕೊಟ್ಟದ್ದು ಅವರ ಗ್ರಹಚಾರ.

ಗಾಲ್ಫ್ ಎಂದರೆ ಒಂದು ಚೆಂಡನ್ನು ಕಣ್ಣಿಗೆ ಕಾಣದಷ್ಟು ದೂರ ಹೊಡೆದು, ಆಮೇಲೆ ಅದನ್ನು ಹುಡುಕುತ್ತ ನಡೆಯುವ ದೊಡ್ಡವರ ಆಟ. ಮುಂದಿನ ಐತವಾರ ಹೈದರಾಬಾದಿನಲ್ಲಿ ಕಂಪನಿಯ ಹಿರಿಯರೊಂದಿಗೆ ಸಾಹೇಬರು ಆಡಬೇಕಿತ್ತು. ಅವರ ಬಡ್ತಿ ಅಲ್ಲಿ ನಿಶ್ಚಯವಾಗುವುದಂತೆ. ಗಣಿಯಿಂದ ಎಷ್ಟು ಕಲ್ಲು ಬಂತು ಎಂಬುದಕ್ಕಿಂತ ಚೆಂಡು ಎಲ್ಲಿ ಬಿತ್ತು ಎಂಬುದರಿಂದ ಮನುಷ್ಯನ ಯೋಗ್ಯತೆ ಬೇಗ ತಿಳಿಯುತ್ತದೆ, ಅದು ನಿಜವೇ. ಹಿಡಿಯ ತೊಗಲು ಸವೆದಿತ್ತು. ಹೊಸದು ಸುತ್ತಿಸಿ ಕೊಡಿ ಎಂದು ಅವರು ಬುಧವಾರ ನನಗೆ ಒಪ್ಪಿಸಿದರು. ಊರಿನಲ್ಲಿ ಹೇಳಿದ ದಿನಕ್ಕೆ ಕೆಲಸ ಮುಗಿಸುವವನು ನಾನೊಬ್ಬನೇ ಎಂಬ ನಂಬಿಕೆ ಅವರಿಗಿತ್ತು. ಆ ನಂಬಿಕೆ ನಾನೇ ಹುಟ್ಟಿಸಿದ್ದು.

ಮನೆಗೆ ತಂದು ಕೋಲನ್ನು ಬೀಸಿ ನೋಡಿದೆ. ಬಳುಕಿತು. ನಮ್ಮ ಕಡೆ ಸಂತೆಯಲ್ಲಿ ಕೊಡಲಿಗೆ ಕಾವು ಕೊಳ್ಳುವವರು ಅದನ್ನು ಮೊಣಕಾಲಿಗೆ ಆನಿಸಿ ಒತ್ತಿ ನೋಡುತ್ತಾರೆ. ಬಗ್ಗಿದರೆ ಬದಿಗಿಡುತ್ತಾರೆ. ಇದನ್ನೂ ಹಾಗೆಯೇ ಒತ್ತಿದೆ, ಬಗ್ಗಿತು. ಹಳೆಯ ತೊಗಲು ಬಿಚ್ಚಿದರೆ ಒಳಗೆ ಟೊಳ್ಳು. ಇಷ್ಟು ದೊಡ್ಡ ಮನುಷ್ಯರಿಗೆ ವಿಲಾಯತಿ ಅಂಗಡಿಯವನು ಟೊಳ್ಳು ಕೊಳವೆ ಮಾರಿ ಮೋಸ ಮಾಡಿದ್ದಾನೆಂದು ಕನಿಕರವಾಯಿತು. ಕಬ್ಬಿಣದ ಕೆಲಸದ ಖಾಸಿಮನ ಅಂಗಡಿಗೆ ಹೋಗಿ, ಒಳಗೆ ಒಂದು ಉಕ್ಕಿನ ಸಳಿ, ಅಂದರೆ ತೆಳ್ಳನೆಯ ಸಲಾಕೆ, ಬಿಗಿಯಾಗಿ ಕೂಡಿಸಿ, ಮೇಲೆ ಹೊಸ ತೊಗಲು ಸುತ್ತಿಸಿದೆ. ಸಾಹೇಬರನ್ನು ಒಂದು ಮಾತು ಕೇಳೋಣವೇ ಎಂದ ಖಾಸಿಮ. ಕೇಳಿ ಮಾಡುವುದು ಉಪಕಾರವೇ ಅಲ್ಲವೆಂದು ಅವನಿಗೆ ತಿಳಿಹೇಳಿದೆ. ಕೋಲು ಪ್ರಾರ್ಥನೆಗೆ ನಿಂತ ಹುಡುಗನಂತೆ ನೆಟ್ಟಗಾಯಿತು.

ಆ ಬೆಳಿಗ್ಗೆ ಸಾಹೇಬರು ಮೊದಲ ಚೆಂಡು ಹೊಡೆದರು. ಅದು ಮೊಣಕಾಲೆತ್ತರದಲ್ಲಿ ಹಾರಿ, ಬಲಕ್ಕೆ ಸರಿದು, ಗಣಿಯ ಹೊಂಡದ ನೀರಿಗೆ ಬಿತ್ತು. ಎರಡನೆಯದು ಅದರ ಜೊತೆಗಾರನಾಯಿತು. ಮೂರನೆಯದಕ್ಕೆ ಅವರು ಕೋಲು ಬಿಟ್ಟು ಅಂಗೈ ಝಾಡಿಸಿಕೊಂಡರು. ಕೈ ಭುಜದವರೆಗೆ ಝುಮ್ಮೆಂದಿತಂತೆ. ತಮ್ಮ ಕೈಯೇ ಕೆಟ್ಟಿತೆಂದು ಅವರ ಮುಖ ಬಾಡಿತು. ನಾನು ಗಾಳಿಯ ದೋಷವಿರಬಹುದೆಂದೆ. ಎದುರಿನ ತೊಗರಿ ಹೊಲದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಚೆಂಡು ಹುಡುಕಲು ಬಂದಿದ್ದ ಮಲ್ಲಪ್ಪ ಕೋಲನ್ನು ಎತ್ತಿ ತೂಗಿ ನೋಡಿದ. "ಇದು ಸತ್ತದ್ರಿ, ಸಾಹೇಬ್ರ," ಎಂದ. ಆಮೇಲೆ ತನ್ನ ಕಲ್ಲೊಡೆಯುವ ಸುತ್ತಿಗೆ ತಂದು ತೋರಿಸಿದ. ಅದರ ಕಾವು ಸೀಳಿದ ಬಿದಿರು; ಎತ್ತಿದರೆ ತಲೆ ತೂಗುತ್ತದೆ. "ಕಾವು ಬಗ್ಗಲಿಲ್ಲಂದ್ರ ಪೆಟ್ಟು ಕಲ್ಲಿಗಿ ಹೋಗಂಗಿಲ್ರಿ, ನಮ್ಮ ಮೊಣಕೈಗಿ ಬರ್ತದ. ಮಾಸ್ತರ್ರು ದಿನಾ ಇಲ್ಲಿಂದಾನೇ ವಾಕಿಂಗ್ ಹೋಗ್ತಾರಲ್ರಿ, ನೋಡಿಲ್ಲೇನು?"

ನೋಡಿರಲಿಲ್ಲ. ನಾನು ನಡೆಯುವಾಗ ಎದುರು ನೋಡುತ್ತೇನೆ. ಸಾಹೇಬರು ಹೌದೆಂದು ತಲೆಯಾಡಿಸಿ ವಿವರಿಸಿದರು. ಬೀಸುವಾಗ ಕೋಲು ಹಿಂದಕ್ಕೆ ಬಾಗಿ, ಚೆಂಡಿಗೆ ತಾಗುವ ಹೊತ್ತಿಗೆ ಚಾಟಿಯಂತೆ ಮುಂದೆ ಬರಬೇಕು. ಆಗ ಚೆಂಡು ಮೇಲೇಳುತ್ತದೆ. ಹೊಡೆಯುವವನ ಕೈಗಿಂತ ಕೋಲು ಗಡಸಾದರೆ ಚೆಂಡು ತಗ್ಗಿ ಬಲಕ್ಕೆ ಓಡುತ್ತದೆ. ತೀರ ಮೆತ್ತಗಾದರೆ ಎಡಕ್ಕೆ. ಟೊಳ್ಳು ಇರುವುದೇ ಅದಕ್ಕೆ. ಆದರೆ ತಮ್ಮ ಕೋಲು ನಾಲ್ಕು ದಿನದಲ್ಲಿ ಹೇಗೆ ಗಡಸಾಯಿತೋ ತಿಳಿಯದು, ಇನ್ನು ಹೈದರಾಬಾದಿಗೆ ಬರುವುದಿಲ್ಲವೆಂದು ತಿಳಿಸಿಬಿಡುತ್ತೇನೆ ಎಂದರು.

ಮೂವತ್ತೆರಡು ವರ್ಷ ತಪ್ಪೊಪ್ಪಿಗೆಗಳನ್ನು ಕೇಳಿದವನು ನಾನು. ಹೇಳುವುದು ಇಷ್ಟು ಉದ್ದವಿರುತ್ತದೆಂದು ಗೊತ್ತಿರಲಿಲ್ಲ. ಎಲ್ಲ ಹೇಳಿದೆ. ಸಾಹೇಬರು ಮಲ್ಲಪ್ಪನ ಕೈಯಿಂದ ಕೋಲು ತೆಗೆದುಕೊಂಡರು.

"ಮಾಸ್ತರ್ ಸಾಬ್, ನಾ ಬರೇ ತೊಗಲು ಸುತ್ತಸ್ರಿ ಅಂದಿದ್ದೆ."

ಖಾಸಿಮ ಸಳಿ ಹೊರತೆಗೆಯುವಷ್ಟರಲ್ಲಿ ಮಧ್ಯಾಹ್ನ ದಾಟಿತು. ನಾಲ್ಕು ಗಂಟೆಗೆ ಅದೇ ಬಯಲಿನಲ್ಲಿ ಸಾಹೇಬರು ಹೊಡೆದ ಚೆಂಡು ಕೊಕ್ಕರೆಯಂತೆ ಎದ್ದು, ತೊಗರಿ ಹೊಲದಾಚೆ ಇಳಿಯಿತು. ಅವರು ನಕ್ಕರು. ಕೋಲನ್ನು ಮಾತ್ರ ನನಗೆ ಕೊಡದೆ, ಹೊರಲು ಮಲ್ಲಪ್ಪನ ಕೈಗೆ ಕೊಟ್ಟು ಮನೆಗೆ ನಡೆದರು.

ಮನೆಯಲ್ಲಿ ಹೆಂಡತಿಗೆ ಎಲ್ಲ ವರದಿ ಮಾಡಿದೆ. ಅವಳು ಒಲೆಯ ಕಡೆಗೇ ಮುಖ ಮಾಡಿ ಹೇಳಿದಳು: "ಕೋಲಿನ ಒಳಗಿನ ಸಳಿ ತೆಗಿಸಿದ್ರಿ, ಛಲೋ ಆತು. ನಿಮ್ಮ ಒಳಗಿಂದು ತೆಗ್ಯಾಕ ಖಾಸಿಮಗ ಬರ್ತದೇನು, ಕೇಳಬೇಕಿತ್ರಿ."

ನನ್ನ ಚಹಾದ ವೇಳೆ ಐದು. ಅಂದು ಅದು ಬಂದಾಗ ಐದು ಹತ್ತು. ನಲವತ್ತು ವರ್ಷಗಳ ಸಂಸಾರದಲ್ಲಿ ಮೊದಲ ಸಲ ನಾನು ಗಡಿಯಾರದತ್ತ ಬೆರಳು ತೋರಿಸಲಿಲ್ಲ. ಕಲಿತ ಪಾಠ ಪಾಲಿಸುತ್ತ ತೆಪ್ಪಗೆ ಕುಡಿದೆ. ಅವಳು ಆಶ್ಚರ್ಯಪಟ್ಟು ಇನ್ನರ್ಧ ಕಪ್ಪು ಸುರಿದಳು. ಮನುಷ್ಯ ಬಗ್ಗಿದರೆ ಲಾಭವುಂಟು ಎನ್ನಿಸಿತು. ಆಮೇಲೆ ಅವಳು ಒಳಗೆ ಹೋದಳು. ಐತವಾರದ ಕೊನೆಯ ಕೆಲಸ ಗೋಡೆ ಗಡಿಯಾರಕ್ಕೆ ಚಾವಿ ಕೊಡುವುದು. ಸ್ಟೂಲು ಹತ್ತಿ ಚಾವಿ ಕೊಟ್ಟೆ, ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದೆ, ಇಳಿದು ದಿನಚರಿಯಲ್ಲಿ ಬರೆದೆ: ಚಹಾ, ಸರಿಯಾಗಿ ಐದಕ್ಕೆ.