ಮೂವತ್ತು ಮನೆಗೆ ಒಂದೇ ಓಲ್ಟೇಜ್

ಕಡಿಮೆ ಓದಿದವನಿಗೆ ಹೆಚ್ಚು ಓದಿದವರ ಕೆಲಸ ಯಾವಾಗಲೂ ಸುಲಭವಾಗಿ ಕಾಣುತ್ತದೆ. ನನ್ನ ತಂಗಿ ಸುವರ್ಣಾ ನನ್ನನ್ನು ನಂಬಿ ಒಂದೇ ಒಂದು ಕೆಲಸ ಒಪ್ಪಿಸಿದ್ದಳು. ನಮ್ಮೂರು ಘೋಣಸಗಿಯ ಮೂವತ್ತು ಮನೆಗೆ ಹೋಗಿ, ನೀರಿನ ಬಗ್ಗೆ ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಫಾರಂನಲ್ಲಿ ಬರೆದುಕೊಂಡು ಬರುವುದು. ನಾನು ಒಂದು ಮನೆಗೂ ಹೋಗಲಿಲ್ಲ. ಆದರೂ ಮೂವತ್ತೂ ಫಾರಂ ತುಂಬಿದವು.

ನಾನು ಓದಿದ್ದು ಏಳನೇ ಇಯತ್ತೆ. ತಿಕೋಟಾದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ಹಳೆಯ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತಿ ಕೊಡುತ್ತೇನೆ. ಮೋಟಾರು ನೀರಿಲ್ಲದ ಬೋರಿನಲ್ಲಿ ಓಡಿ ಸುಟ್ಟಿದ್ದೋ, ಓಲ್ಟೇಜ್ ಕಡಿಮೆಯಾಗಿ ಸುಟ್ಟಿದ್ದೋ ಎಂಬುದನ್ನು ಮೂಸಿಯೇ ಹೇಳಬಲ್ಲೆ. ಹೀಗೆ ಊರಿನ ಅರ್ಧ ಮೋಟಾರುಗಳ ಹೊಟ್ಟೆಯಲ್ಲಿ ಕೈಯಾಡಿಸಿದವನಿಗೆ, ಊರವರ ಹೊಟ್ಟೆಯಲ್ಲಿರುವುದೂ ತನಗೆ ಗೊತ್ತು ಎಂಬ ಭ್ರಮೆ ಬಂದುಬಿಡುತ್ತದೆ.

ಸುವರ್ಣಾ ವಿಜಯಪುರದ ಪಕ್ಕದ ತೊರವಿಯ ಕಡೆ ಹಾಸ್ಟೆಲಿನಲ್ಲಿದ್ದುಕೊಂಡು ಸಮಾಜಶಾಸ್ತ್ರದ ಎಂ.ಎ. ಓದುತ್ತಾಳೆ. ಬಿಸಿಲು ಏರುತ್ತಿದೆ, ಮಳೆ ನಂಬುವಂತಿಲ್ಲ, ಇದಕ್ಕೆಲ್ಲ ಜನ ಹೇಗೆ ಹೊಂದಿಕೊಳ್ಳುತ್ತಿದ್ದಾರೆ ಎಂಬುದು ಅವಳು ಆರಿಸಿಕೊಂಡ ವಿಷಯ. ನನಗೆ ನಗು ಬಂದಿತ್ತು. “ನೀರಿಗೆ ಇಂಜಿನಿಯರ್ ಅದಾರ, ಬೆಳಿಗೆ ಕೃಷಿ ಆಫೀಸಿನವರು ಅದಾರ. ನಡುವ ನಿಮ್ಮದೇನ ಬೇ?” ಎಂದಿದ್ದೆ.

“ನೀರು ಪೈಪಿನ್ಯಾಗ ಹರಿತೈತಿ ಅಣ್ಣಾ. ಆದ್ರ ವಾಲ್ವ್ ತಿರುಗಸೋದು ಮನಶ್ಯಾ ಅಲ್ಲೇನು? ಯಾರು ಯಾರಿಗೆ ತಿರುಗಸ್ತಾರ, ಯಾರಿಗೆ ತಿರುಗಸಂಗಿಲ್ಲ, ಅದನ್ನ ಯಾವ ಇಂಜಿನಿಯರ್ ಬರಕೊಂಡಾನ?” ಎಂದಳು. ಅವಳಿಗೆ ಪರೀಕ್ಷೆ ಹತ್ತಿರ ಬಂದಿದ್ದರಿಂದ ಫಾರಮ್ಮಿನ ಕಟ್ಟು ನನ್ನ ಕೈಗಿಟ್ಟು, “ಮನಿಗೆ ಹೋಗೇ ಕೇಳಬೇಕ ನೋಡು. ಹೆಣ್ಣಮಕ್ಕಳ್ನ ಬ್ಯಾರೆ ಕೂಡಿಸಿ ಕೇಳಬೇಕು,” ಎಂದು ಎರಡೆರಡು ಸಲ ಹೇಳಿ ಹೋದಳು.

ಫಾರಂಗಳು ಮೂರು ವಾರ ನನ್ನ ಅಂಗಡಿಯಲ್ಲಿ ತಂತಿಯ ಸುರುಳಿಯ ಕೆಳಗೆ ಬೆಚ್ಚಗಿದ್ದವು. ನಾಳೆ ತಂಗಿ ಬರುತ್ತಾಳೆ ಎನ್ನುವ ದಿನ ಮಧ್ಯಾಹ್ನ ಎದುರಿನ ದಸ್ತಗೀರ ಕಾಕಾನ ಚಹಾದಂಗಡಿಯಲ್ಲಿ ಕುಳಿತು ಬರೆಯತೊಡಗಿದೆ. ಮೂರನೆಯ ಕಪ್ಪು ತಂದಿಟ್ಟ ಕಾಕಾ, “ಏನ್ರಿ ಮೇಸ್ತ್ರಿ, ಇಷ್ಟು ಸಾಲ್ಯಾಗ ಬರದಿದ್ರ ಪಾಸರೆ ಆಗತಿದ್ರೆಲ್ಲ!” ಎಂದ. ನಾನು ತಲೆಯೆತ್ತಲಿಲ್ಲ. ‘ನೀರಿನ ತೊಂದರೆಗೆ ಮುಖ್ಯ ಕಾರಣವೇನು?’ ಎಂದು ಫಾರಂ ಕೇಳಿತ್ತು. ಓಲ್ಟೇಜ್ ಎಂದು ಬರೆದೆ. ಎರಡನೆಯ ಮನೆಗೂ ಓಲ್ಟೇಜ್. ಮೂವತ್ತೂ ಮನೆಗೆ ಓಲ್ಟೇಜ್. ‘ಕೊರತೆಯಾದಾಗ ಯಾರಿಂದ ನೀರು ಪಡೆಯುತ್ತೀರಿ, ಯಾರಿಗೆ ಕೊಡುತ್ತೀರಿ?’ ಎಂಬುದಕ್ಕೆ ನನ್ನ ಮನೆಯ ಉತ್ತರವನ್ನೇ ಊರಿಗೆಲ್ಲ ಹಂಚಿದೆ: ಯಾರಿಂದಲೂ ಇಲ್ಲ, ಯಾರಿಗೂ ಇಲ್ಲ.

ನನ್ನ ಮನೆಯ ಮಟ್ಟಿಗೆ ಅದು ಅಪ್ಪಟ ಸತ್ಯ ಎಂದೇ ನಂಬಿದ್ದೆ. ನಮ್ಮ ತೋಟದ ಪಕ್ಕದ ಗುರಪ್ಪನ ಜೊತೆ ನಾಲ್ಕು ವರ್ಷದಿಂದ ಮಾತಿಲ್ಲ. ಅವನ ಮೋಟಾರು ಸುಟ್ಟಾಗ ಅವನು ಅದನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು, ನನ್ನ ಅಂಗಡಿಯ ಮುಂದೆಯೇ ಹಾದು, ಬಬಲೇಶ್ವರಕ್ಕೆ ಒಯ್ದು ಸುತ್ತಿಸಿಕೊಂಡು ಬಂದ. ವೈಂಡಿಂಗ್ ಮಾಡುವವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ತಿಂಗಳೊಳಗೆ ಅದು ಮತ್ತೆ ಸುಟ್ಟಿತಂತೆ. ನಾನು ನಗಲಿಲ್ಲ. ಅಂದರೆ, ಅಂಗಡಿಯ ಬಾಗಿಲು ಮುಚ್ಚಿಕೊಂಡು ನಕ್ಕೆ.

ಮರುವಾರ ತಂಗಿಯನ್ನು ಬೈಕಿನ ಮೇಲೆ ವಿಜಯಪುರಕ್ಕೆ ಕರೆದುಕೊಂಡು ಹೋದೆ. ಅವಳ ಪ್ರಬಂಧ ನೋಡುವ ಮೇಡಮ್ಮರು ಫಾರಂ ತಿರುವಿಹಾಕುತ್ತಿದ್ದರು. ನಾನು ಬಾಗಿಲ ಹೊರಗಿದ್ದೆ. “ಇಡೀ ಊರಿಗೆ ಓಲ್ಟೇಜ್ ಒಂದ ಕಾರಣೇನು ಸುವರ್ಣಾ? ಮೂವತ್ತು ಮನ್ಯಾಗ ಒಬ್ಬಾಕಿ ಹೆಣ್ಣಮಗಳೂ ಬಾಯಿ ಬಿಟ್ಟಿಲ್ಲ? ನೀನ ಕುಂತು ತುಂಬಿಯೇನವಾ?” ಎಂದರು. ಕಟ್ಟು ಬಿಚ್ಚದೆಯೇ ತಂದಿದ್ದ ಸುವರ್ಣಾಳಿಗೆ ನಾನು ಒಂದು ಮನೆಗೂ ಹೋಗಿಲ್ಲವೆಂಬುದು ಆಗಲೇ ಗೊತ್ತಾಯಿತು. ಅವಳು ನನ್ನ ಕಡೆ ತಿರುಗಿಯೂ ನೋಡದೆ, “ಮತ್ತೊಮ್ಮಿ ಕೇಳಿಕೊಂಡು ಬರ್ತೀನ್ರಿ,” ಎಂದಳು. ಎಂಟು ದಿನ ಕೊಡುತ್ತೇನೆ, ಆಗದಿದ್ದರೆ ಈ ವರ್ಷ ನಿನ್ನ ಪ್ರಬಂಧ ತೆಗೆದುಕೊಳ್ಳುವುದಿಲ್ಲ ಎಂದರು ಮೇಡಮ್ಮರು. ಎರಡು ಹೆಜ್ಜೆ ಒಳಗಿಟ್ಟು ‘ನಾನ್ರಿ’ ಎಂದಿದ್ದರೆ ಮುಗಿಯುತ್ತಿತ್ತು. ನಾನು ಅವರ ತಲೆಯ ಮೇಲೆ ಗೊರಗುಡುವ ಫ್ಯಾನನ್ನು ನೋಡುತ್ತ, ಇದರ ಬೇರಿಂಗ್ ಹೋಗಿದೆ ಎಂದುಕೊಳ್ಳುತ್ತ ನಿಂತೆ.

ದಾರಿಯುದ್ದಕ್ಕೂ ತಂಗಿ ಬೈಯಲಿಲ್ಲ. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಸಿದ್ಧೇಶ್ವರ ಗುಡಿಯ ಹತ್ತಿರ ಬೈಕ್ ನಿಲ್ಲಿಸಿ ಬಿಸಿ ಮಿರ್ಚಿ ಭಜಿ ಕೊಡಿಸಿದೆ. ತಿಂದು ಕೈ ಒರೆಸಿಕೊಂಡು ಮತ್ತೆ ಬೈಕ್ ಹತ್ತಿದಳು. ಮನೆಗೆ ಬಂದವಳೇ ಹೊಸ ಫಾರಂ ತೆಗೆದು, “ಮದಲ ನಮ್ಮ ಮನೀದಾ ತುಂಬೂನು ವೈನಿ,” ಎಂದು ನನ್ನ ಹೆಂಡತಿ ಮಹಾದೇವಿಯನ್ನು ಕರೆದಳು. ನಾನೂ ಪಕ್ಕದಲ್ಲಿ ಕುಳಿತೆ. “ಅಣ್ಣಾ, ನೀ ಹೊರಗ ಕುಂದ್ರು,” ಎಂದಳು. ಕಟ್ಟೆಯ ಮೇಲೆ ಕುಳಿತೆ. ಕಿವಿ ಒಳಗೇ ಇದ್ದವು.

“ನೀರು ಯಾರಿಗರೆ ಕೊಡ್ತೀರೇನ್ರಿ ವೈನಿ?”

“ಹೆಸರು ಬರೀತೀಯೇನು?”

“ಬರಿಯಂಗಿಲ್ಲ.”

“ಹಂಗಾದ್ರ ಕೊಡ್ತೀನಿ. ಗುರಪ್ಪನ ಹೇಣ್ತಿ ಕಸ್ತೂರಿಗೆ. ಸೋಮವಾರ, ಗುರುವಾರ ಇವರು ಅಂಗಡಿಗೆ ಹೋದಮ್ಯಾಲೆ ಅರ್ಧ ತಾಸು ಅವರ ಲಿಂಬಿ ಗಿಡಕ್ಕ ಬಿಡ್ತೀನಿ. ಹ್ವಾದ ಬ್ಯಾಸಗ್ಯಾಗ ನಮ್ಮ ಮೋಟಾರ್ ಸುಟ್ಟು ಹನ್ನೆರಡು ದಿನ ಬಿದ್ದಿತ್ತು. ಊರ ಮೋಟಾರ್ ಎಲ್ಲಾ ಸುತ್ತಿದ್ರು ಮಾರಾಯರು, ಮನೀದು ಸುತ್ತಾಕ ಪುರಸೊತ್ತ ಇರಲಿಲ್ಲ. ಆವಾಗ ಕಸ್ತೂರೀನೇ ಅವರ ಕೃಷಿ ಹೊಂಡದ ನೀರು ಬಿಟ್ಟು ನಮ್ಮ ದ್ರಾಕ್ಷಿ ಉಳಿಸ್ಯಾಳ.”

“ಗುರಪ್ಪಣ್ಣಗ ಗೊತ್ತೈತೇನ್ರಿ?”

“ಅಂವಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ಅದಕ್ಕ ನಡದೈತಿ.”

ಆ ಬೇಸಿಗೆ ನಮ್ಮ ದ್ರಾಕ್ಷಿ ಉಳಿದದ್ದು ನಾನು ಬಳ್ಳಿಯ ಬುಡಕ್ಕೆ ಕಬ್ಬಿನ ಒಣಗರಿಯ ರವದಿ ಹೊದಿಸಿದ್ದರಿಂದ ಎಂದು ಅಂಗಡಿಗೆ ಬಂದವರಿಗೆಲ್ಲ ಪಾಠ ಹೇಳಿದ್ದೆ. ಇಬ್ಬರಂತೂ ನನ್ನ ಮಾತು ಕೇಳಿ ರವದಿ ಹೊದಿಸಿದ್ದರು. ನಾನು ಒಳಗೆ ಹೋಗಲಿಲ್ಲ. ಚಪ್ಪಲಿಗೆ ಇಲ್ಲದ ಮುಳ್ಳನ್ನು ಬಹಳ ಹೊತ್ತು ಕಿತ್ತೆ. ಆ ಗುರುವಾರ ಅಂಗಡಿಗೆ ಅರ್ಧ ತಾಸು ಮೊದಲೇ ಹೊರಟೆ. (ಗುರಪ್ಪ ಇಂಥದ್ದನ್ನೆಲ್ಲ ಓದುವವನಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.)

ಸುವರ್ಣಾ ಎಂಟು ದಿನ ಬಿಸಿಲಲ್ಲಿ ಮನೆಮನೆ ತಿರುಗಿದಳು. ಅಡುಗೆಮನೆಯಲ್ಲಿ ಕುಳಿತು ಕೇಳಿದಲ್ಲೆಲ್ಲ ಇಂಥವೇ ಪಾಳಿಗಳು ಹೊರಬಿದ್ದವು. ಗಂಡಸರು ಬದುವಿಗಾಗಿ ಜಗಳವಾಡುವ ಹೊಲಗಳ ನಡುವೆ ನೀರು ಸದ್ದಿಲ್ಲದೆ ಆಚೀಚೆ ಓಡಾಡಿಕೊಂಡಿತ್ತು. ಮತ್ತೆ ಅವಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿ ಅದೇ ಬಾಗಿಲ ಹೊರಗೆ ನಿಂತೆ. ಮೇಡಮ್ಮರು ಹೊಸ ಫಾರಂಗಳನ್ನು ನಿಧಾನವಾಗಿ ಓದಿ, “ನೀರಿನ ಈ ದಾರಿ ಯಾವ ಇಲಾಖೆ ನಕಾಶೆದಾಗೂ ಇಲ್ಲ ನೋಡವಾ. ಹಿಂದಿನ ಸಲ ಯಾಕ ಹಂಗ ಮಾಡಿದಿ?” ಎಂದರು. ಫ್ಯಾನು ಇನ್ನೂ ಗೊರಗುಡುತ್ತಿತ್ತು. ಈ ಸಲ ನಾನು ಅದನ್ನು ನೋಡದೆ ಒಳಗೆ ಹೋದೆ.

“ಹಿಂದಿನ ಫಾರಂ ತುಂಬಿದಾಂವ ನಾನ್ರಿ. ಆಕೀದೇನೂ ತಪ್ಪಿಲ್ಲ.”

“ಒಂದು ಮನಿಗೂ ಹೋಗಿರಲಿಲ್ಲೇನು?” ಎಂದರು ಮೇಡಮ್ಮರು.

“ಇಲ್ರಿ,” ಎಂದೆ. ಆಮೇಲೆ ತಂಗಿಯ ಕಡೆ ತಿರುಗಿದೆ. “ತಪ್ಪಾತವಾ ಸುವರ್ಣಾ. ನಾ ಯಾರ ಮನಿಗೂ ಹೋಗಿರಲಿಲ್ಲ. ನಮ್ಮ ಮನಿಗೂ ಹೋಗಿರಲಿಲ್ಲ.”